ಯಾವ ಬಾಗಿಲನ್ನು ತಟ್ಟಬೇಕು?

ಕೆಲವು ದಿನಗಳ ಹಿಂದೆ ಎರ್ನಾಕುಳದ ಹೋಟೆಲೊಂದರಲ್ಲಿ ಕೆಲಸ ಮಾಡುವ ನಮ್ಮ ವಾಚಕರೊಬ್ಬರು ಕಾರ್ಯಾಲಯಕ್ಕೆ ಬಂದು, ತಾವು ಬರೆದ ಅರ್ಜಿಯೊಂದನ್ನು ತಿದ್ದಿಕೊಡಬೇಕೆಂದು ಕೇಳಿಕೊಂಡರು. ಕಾಸರಗೋಡಿನ ಕಡೆಯ ಅವರ ಹುಟ್ಟೂರಿನ ಕನ್ನಡ ಶಾಲೆಗೆ ಕನ್ನಡವರಿಯದ ಅಧ್ಯಾಪಕರೊಬ್ಬರು ನೇಮಕಗೊಂಡು ಬಂದಿದ್ದಾರೆ. ಇವರ ತಮ್ಮನ ಮಗಳು ಅಲ್ಲಿ ಮೂರನೆಯ ತರಗತಿಯಲ್ಲಿ ಓದುತ್ತಾಳೆ. ಅಧ್ಯಾಪಕರು ಹೇಳಿದ್ದು ಮಗುವಿಗೆ ತಿಳಿಯದು, ಮಗು ಹೇಳಿದ್ದು ಅಧ್ಯಾಪಕರಿಗೆ ತಿಳಿಯದು. ಅರ್ಜಿಯ ಒಕ್ಕಣೆಯಲ್ಲಿ ತಿದ್ದಬೇಕಾದುದು ಹೆಚ್ಚೇನೂ ಇರಲಿಲ್ಲ. ದುಃಖಪಟ್ಟು ಬರೆದ ಬರಹಕ್ಕೆ ವ್ಯಾಕರಣದ ಹಂಗು ಕಡಿಮೆ. ಆದರೆ ಮೇಲ್ವಿಳಾಸವನ್ನು ಕಂಡು ನಾವು ಒಂದು ಕ್ಷಣ ತಡೆದೆವು. “ಹೈಕೋರ್ಟಿನ ವಿದ್ಯಾಮಂತ್ರಿಗಳ ಸನ್ನಿಧಾನಕ್ಕೆ” ಎಂದು ಅಲ್ಲಿ ಬರೆದಿತ್ತು.

ನಾವು ನಗಲಿಲ್ಲ. ನಗುವ ಅಧಿಕಾರ ನಮಗಿತ್ತೆಂದೂ ಭಾವಿಸುವುದಿಲ್ಲ. ಮುಂಜಾನೆ ನಾಲ್ಕಕ್ಕೆ ಎದ್ದು ರುಬ್ಬುವ ಯಂತ್ರದ ಮುಂದೆ ನಿಲ್ಲುವವರು ರಾಜ್ಯಾಂಗದ ಅಂಗೋಪಾಂಗಗಳನ್ನು ಯಾವ ಬಿಡುವಿನಲ್ಲಿ ಅಭ್ಯಾಸ ಮಾಡಬೇಕು? ಪದವೀಧರರಾಗಿ ತಿರುವನಂತಪುರದ ಕಚೇರಿಗಳಲ್ಲಿ ಗುಮಾಸ್ತೆಗಳಾಗಿರುವ ನಮ್ಮವರನ್ನು ಕೇಳಿ ನೋಡಿದರೂ, ಮಂತ್ರಿಗೂ ಕಾರ್ಯದರ್ಶಿಗೂ ಶಾಸಕನಿಗೂ ನ್ಯಾಯಾಧೀಶನಿಗೂ ಇರುವ ಭೇದವನ್ನು ತೊದಲದೆ ಹೇಳುವವರು ಬೆರಳೆಣಿಕೆಯಷ್ಟೇ ಸಿಕ್ಕಾರು. ವರ್ಷಕ್ಕೊಮ್ಮೆ ಜನವರಿ 26ರಂದು ಸಂಘದ ಅಂಗಳದಲ್ಲಿ ಧ್ವಜವೇರಿಸುತ್ತೇವೆ, ಲಾಡು ಹಂಚುತ್ತೇವೆ, ಅಧ್ಯಕ್ಷರು ಡಾ. ಅಂಬೇಡ್ಕರರ ಹೆಸರನ್ನು ಸ್ಮರಿಸುತ್ತಾರೆ. ಪುಸ್ತಕ ಮಾತ್ರ ಕಪಾಟಿನಲ್ಲಿ ಹಾಗೆಯೇ ಇರುತ್ತದೆ. ಅದರಲ್ಲಿರುವುದು ದಿಲ್ಲಿಯವರ ವ್ಯವಹಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪರಸ್ಥಳದಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮ್ಮಂಥವರು ಇತರರಿಗಿಂತ ಹೆಚ್ಚು ಗಮನದಿಂದ ಅದನ್ನು ಓದಬೇಕೆಂದು ನಮ್ಮ ಅಭಿಪ್ರಾಯ. ಇಲ್ಲಿಯ ಬಹುಮತ ನಮ್ಮದಾಗುವ ದಿನ ಎಂದಿಗೂ ಬಾರದು; ಹಾಗಿರಲು ಬಹುಮತದ ಅಧಿಕಾರಕ್ಕೂ ಒಂದು ಎಲ್ಲೆಯುಂಟೆ, ಉಂಟಾದರೆ ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆ ನಮಗೆ ಕೇವಲ ಪರೀಕ್ಷೆಯ ಪ್ರಶ್ನೆಯಲ್ಲ.

ಕೇರಳದಲ್ಲಿ ನೆಲೆಸಿದವರಿಗೆ ಇದರ ಮೊದಲ ಪಾಠವನ್ನು ಭೂಪಟವೇ ಕಲಿಸುತ್ತದೆ. ತಿರುವನಂತಪುರದಲ್ಲಿ ದಿವಾನ್ ಸರ್ ಟಿ. ಮಾಧವರಾಯರ ಪ್ರತಿಮೆಯ ಎದುರಿಗೆ 1869ರಲ್ಲಿ ಪೂರ್ಣಗೊಂಡ ಬಿಳಿಯ ಸೌಧವುಂಟು. ಅದು ಸಚಿವಾಲಯ. ಮಂತ್ರಿಗಳೂ ಅವರ ಅಧೀನದ ಕಾರ್ಯದರ್ಶಿಗಳೂ ಅಲ್ಲಿ ಕುಳಿತು ಆಡಳಿತ ನಡೆಸುವುದರಿಂದ ಅದನ್ನು ಕಾರ್ಯಾಂಗದ ಮನೆ ಎನ್ನಬಹುದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಪಾಳಯದ ಬಳಿ, ವಿಧಾನಸಭೆಯ ಮಂದಿರ. ಜನರು ಆರಿಸಿ ಕಳುಹಿಸಿದ 140 ಮಂದಿ ಸದಸ್ಯರು ಅಲ್ಲಿ ಕಾಯಿದೆಗಳನ್ನು ಮಾಡುತ್ತಾರೆ. ಅದು ಶಾಸಕಾಂಗ. ಮೂರನೆಯದಾದ ನ್ಯಾಯಾಂಗವನ್ನು ಕಾಣಬೇಕಾದರೆ ರೈಲು ಹತ್ತಿ ಸುಮಾರು 200 ಕಿಲೋಮೀಟರು ಉತ್ತರಕ್ಕೆ, ಎರ್ನಾಕುಳಕ್ಕೆ ಬರಬೇಕು. ಇದನ್ನು ಯಾವ ರಾಜನೀತಿಜ್ಞನೂ ಸಿದ್ಧಾಂತವನ್ನು ನೋಡಿ ಏರ್ಪಡಿಸಿದ್ದಲ್ಲ. 1949ರ ಜುಲೈ 1ರಂದು ತಿರುವಾಂಕೂರು ಕೊಚ್ಚಿ ಸಂಸ್ಥಾನಗಳು ಒಂದಾದಾಗ ರಾಜಧಾನಿ ತಿರುವನಂತಪುರಕ್ಕೆ ಹೋಯಿತು; ಕೊಚ್ಚಿಯವರ ಪಾಲಿಗೆ ಉಚ್ಚ ನ್ಯಾಯಾಲಯ ದೊರೆಯಿತು. ಅದೇ ತಿಂಗಳ 7ರಂದು ಅದು ಎರ್ನಾಕುಳದ ರಾಮಮೋಹನ ಅರಮನೆಯಲ್ಲಿ ಆರಂಭವಾಯಿತು. ಎರಡು ಊರುಗಳ ನಡುವಣ ಒಡಂಬಡಿಕೆಯಿಂದ ಆದ ಈ ಏರ್ಪಾಡು ರಾಜ್ಯಾಂಗದ ತತ್ತ್ವಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂಬುದು ಸೋಜಿಗ. ಏಕೆಂದರೆ ನಮ್ಮ ಪದ್ಧತಿಯಲ್ಲಿ ಶಾಸಕಾಂಗ ಕಾರ್ಯಾಂಗಗಳು ನೆರೆಮನೆಯವರು, ಬಹುಮಟ್ಟಿಗೆ ಬಂಧುಗಳು. ಮಂತ್ರಿಯಾಗುವವನು ಶಾಸಕನಾಗಿರಬೇಕು, ಇಲ್ಲವೆ ಆರು ತಿಂಗಳೊಳಗೆ ಆಗಬೇಕು. 1998ರ ವರೆಗೆ ಕೇರಳದ ವಿಧಾನಸಭೆಯು ಸಚಿವಾಲಯದ ಆವರಣದಲ್ಲಿದ್ದ ಹಳೆಯ ಸಭಾಂಗಣದಲ್ಲಿಯೇ ಸೇರುತ್ತಿತ್ತು. ಪ್ರತ್ಯೇಕವಾಗಿ ಇರಬೇಕಾದ ನ್ಯಾಯಾಂಗ ದೂರದಲ್ಲಿದೆ.

ಇಂತಹ ವಿಭಜನೆ ಏಕೆಂದು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ತಕ್ಕಮಟ್ಟಿಗೆ ವ್ಯಾಪಾರವುಳ್ಳ ಯಾವ ಹೋಟೆಲಿನಲ್ಲಿಯೂ ಉಗ್ರಾಣದ ಕೀಲಿಕೈ, ಒಲೆಯ ಅಧಿಕಾರ, ಗಲ್ಲಾಪೆಟ್ಟಿಗೆ ಈ ಮೂರೂ ಒಬ್ಬನ ಕೈಯಲ್ಲಿ ಇರುವುದಿಲ್ಲ. ಆ ಒಬ್ಬನು ಕಳ್ಳನೆಂದಲ್ಲ. ದೇವರಂಥ ಮನುಷ್ಯನಿಗಾದರೂ ತನ್ನ ಲೆಕ್ಕವನ್ನು ತಾನೇ ಪರಿಶೀಲಿಸುವ ಕೆಲಸವನ್ನು ಕೊಡಬಾರದೆಂಬುದು ನಮ್ಮ ಹಿರಿಯರು ಒಲೆಯ ಮುಂದೆ ನಿಂತು ಕಂಡುಕೊಂಡ ಸತ್ಯ. ಮಂಗಳೂರಿನಲ್ಲಿ ಹುಟ್ಟಿದ ಸರ್ ಬೆನೆಗಲ್ ನರಸಿಂಗರಾಯರು ರಾಜ್ಯಾಂಗ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸುವಾಗಲೂ, ಡಾ. ಅಂಬೇಡ್ಕರರ ಸಮಿತಿ ಅದನ್ನು ತಿದ್ದಿ ರೂಪಿಸುವಾಗಲೂ ಕೆಲಸ ಮಾಡಿದ ವಿವೇಕ ಇಂತಹದೇ. ಆ ಸಭೆಯಲ್ಲಿ ನಾವಿಂದು ವಾಸಿಸುವ ಊರುಗಳ ಹೆಣ್ಣುಮಕ್ಕಳೂ ಇದ್ದರೆಂಬುದನ್ನು ನಮ್ಮವರು ಅರಿತಿರಬೇಕು. ಎರ್ನಾಕುಳದ ಎದುರಿನ ಮುಳವುಕಾಡು ದ್ವೀಪದಲ್ಲಿ ಹುಟ್ಟಿದ ದಾಕ್ಷಾಯಣಿ ವೇಲಾಯುಧನ್ ಒಬ್ಬರು, ತಿರುವನಂತಪುರದ ಆನಿ ಮಸ್ಕರೀನ್ ಇನ್ನೊಬ್ಬರು.

ಈಗ ಮೂರು ಅಂಗಗಳು ಒಂದನ್ನೊಂದು ಹೇಗೆ ಹಿಡಿದು ನಿಲ್ಲಿಸುತ್ತವೆಂಬುದನ್ನು ಕೇರಳದ ಇತಿಹಾಸದಿಂದಲೇ ನೋಡೋಣ. 1957ರ ಮೊದಲ ಚುನಾವಣೆಯಲ್ಲಿ ಕಮ್ಯೂನಿಸ್ಟ್ ಪಕ್ಷ ಅಧಿಕಾರಕ್ಕೆ ಬಂದು ಶ್ರೀ ಇ. ಎಂ. ಎಸ್. ನಂಬೂದಿರಿಪಾಡರು ಮುಖ್ಯಮಂತ್ರಿಗಳಾದರು. (ಅದೇ ಚುನಾವಣೆಯಲ್ಲಿ ಮಂಜೇಶ್ವರದಿಂದ ಕನ್ನಡಿಗರಾದ ಶ್ರೀ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದರು.) ಆ ವರ್ಷದ ಸೆಪ್ಟೆಂಬರಿನಲ್ಲಿ ವಿಧಾನಸಭೆಯು ವಿದ್ಯಾ ವಿಧೇಯಕವನ್ನು ಅಂಗೀಕರಿಸಿತು. ರಾಜ್ಯಪಾಲರು ಅದಕ್ಕೆ ಅಂಕಿತ ಹಾಕದೆ ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು. 1958ರ ಮೇ 22ರಂದು ನ್ಯಾಯಾಲಯವು ಮತೀಯ ಹಾಗೂ ಭಾಷಿಕ ಅಲ್ಪಸಂಖ್ಯಾತರು ಸ್ವಂತ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕುರಿತು ತನ್ನ ಅಭಿಪ್ರಾಯವನ್ನು ತಿಳಿಸಿತು. ವಿಧೇಯಕವು ತಿದ್ದುಪಡಿಗೊಂಡು 1959ರಲ್ಲಿ ಕಾಯಿದೆಯಾಯಿತು. ಜನರ ಪ್ರತಿನಿಧಿಗಳು ಬಹುಮತದಿಂದ ಒಪ್ಪಿದ ಮಾತ್ರಕ್ಕೆ ಒಂದು ಮಸೂದೆ ಕಾಯಿದೆಯಾಗುವುದಿಲ್ಲ. ಅದು ಎಷ್ಟು ಬಾಗಿಲುಗಳನ್ನು ದಾಟಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

ಅದೇ 1959ರ ಜುಲೈ 31ರಂದು, ವಿಧಾನಸಭೆಯಲ್ಲಿ ಬಹುಮತವಿದ್ದಾಗಲೇ, ಕೇಂದ್ರ ಸರಕಾರದ ಸಲಹೆಯಂತೆ ರಾಷ್ಟ್ರಪತಿಗಳು 356ನೆಯ ಅನುಚ್ಛೇದವನ್ನು ಪ್ರಯೋಗಿಸಿ ಆ ಸರಕಾರವನ್ನು ವಜಾ ಮಾಡಿದರು. ಅದು ಯುಕ್ತವೇ ಅಯುಕ್ತವೇ ಎಂಬ ಚರ್ಚೆ ಕೇರಳದ ಚಹದಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಆ ಅಧಿಕಾರಕ್ಕೆ ಕಡಿವಾಣ ಬಿದ್ದದ್ದು ಕನ್ನಡಿಗರೊಬ್ಬರ ಮೊಕದ್ದಮೆಯಿಂದ. ಕರ್ನಾಟಕದ ಮುಖ್ಯಮಂತ್ರಿ ಶ್ರೀ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲ್‌ನಲ್ಲಿ ಹೀಗೆಯೇ ವಜಾ ಮಾಡಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು, ಸರಕಾರಕ್ಕೆ ಬಹುಮತ ಉಂಟೋ ಇಲ್ಲವೋ ಎಂಬುದು ನಿರ್ಧಾರವಾಗಬೇಕಾದದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಿ ಅಲ್ಲವೆಂದೂ, ರಾಷ್ಟ್ರಪತಿಗಳ ಇಂತಹ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ತೀರ್ಪಿತ್ತಿತು. ಬೊಮ್ಮಾಯಿಯವರಿಗೆ ಕುರ್ಚಿಯೇನೂ ಮರಳಿ ಸಿಗಲಿಲ್ಲ; ಆ ಹೊತ್ತಿಗೆ ಐದು ವರ್ಷಗಳೇ ಸಂದಿದ್ದವು. ತಾನು ಸೋತು ಊರಿಗೆ ಗೆದ್ದುಕೊಡುವ ಈ ಯೋಗ ಕನ್ನಡಿಗರಿಗೆ ಹೊಸದಲ್ಲ. ಇದಕ್ಕಿಂತ ದೊಡ್ಡ ನಿದರ್ಶನ ಕಾಸರಗೋಡಿನ ಮಣ್ಣಿನಿಂದಲೇ ಹೊರಟಿದೆ.

ಕಾಸರಗೋಡಿನ ಬಳಿಯ ಎಡನೀರು ಮಠವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಯಕ್ಷಗಾನ ಬಲ್ಲವರಿಗಂತೂ ಪರಿಚಯ ಹೇಳಬೇಕಾಗಿಲ್ಲ. ಅಲ್ಲಿಯ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಸ್ವತಃ ಹಾಡುಗಾರರಾಗಿದ್ದರು. 1960ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಅವರು ಪೀಠವೇರಿದರು. ಕೇರಳದ ಭೂಸುಧಾರಣಾ ಕಾಯಿದೆ 1963ರಲ್ಲಿ ಬಂದು 1969ರಲ್ಲಿ ತಿದ್ದುಪಡಿಗೊಂಡು, 1970ರ ಜನವರಿ 1ರಿಂದ ಜನ್ಮಿ ಪದ್ಧತಿಯನ್ನು ಕೊನೆಗಾಣಿಸಿದಾಗ ಮಠದ ಜಮೀನು ಕೈಬಿಡುವ ಪ್ರಸಂಗ ಒದಗಿತು. ಆ ವರ್ಷದ ಮಾರ್ಚ್ 21ರಂದು ಸ್ವಾಮಿಗಳು 32ನೆಯ ಅನುಚ್ಛೇದದ ಮೇರೆಗೆ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿ ವಿಚಾರಣೆಗೆ ಕಾದಿರುವಾಗಲೇ ಸಂಸತ್ತು ರಾಜ್ಯಾಂಗವನ್ನು ಮೂರು ಬಾರಿ ತಿದ್ದಿತು. ಮೂಲಭೂತ ಹಕ್ಕುಗಳನ್ನೂ ತಿದ್ದುವ ಅಧಿಕಾರ ತನಗಿದೆಯೆಂದು 24ನೆಯ ತಿದ್ದುಪಡಿ, ಆಸ್ತಿಯ ಹಕ್ಕನ್ನು ಮೊಟಕುಗೊಳಿಸಿ 25ನೆಯದು, ಕೇರಳದ ಭೂಸುಧಾರಣಾ ತಿದ್ದುಪಡಿ ಕಾಯಿದೆಗಳನ್ನು ಒಂಬತ್ತನೆಯ ಅನುಸೂಚಿಯೆಂಬ ಕೋಟೆಯೊಳಗೆ ಸೇರಿಸಿ 29ನೆಯದು. ಹೀಗೆ ಎಡನೀರಿನ ತೋಟ ಗದ್ದೆಗಳ ವ್ಯಾಜ್ಯವು ಬೆಳೆದು, ಸಂಸತ್ತು ಮೂರರಲ್ಲಿ ಎರಡು ಬಹುಮತದಿಂದ ರಾಜ್ಯಾಂಗದಲ್ಲಿ ಏನನ್ನು ಬೇಕಾದರೂ ಬದಲಾಯಿಸಬಹುದೇ ಎಂಬ ಮಹಾಪ್ರಶ್ನೆಯಾಯಿತು.

ಹದಿಮೂರು ಮಂದಿ ನ್ಯಾಯಾಧೀಶರು, 1972ರ ಅಕ್ಟೋಬರ್ 31ರಿಂದ ಮರುವರ್ಷದ ಮಾರ್ಚ್ 23ರ ವರೆಗೆ, 68 ದಿನ ವಾದಗಳನ್ನು ಆಲಿಸಿದರು. ಅಷ್ಟು ದೊಡ್ಡ ಪೀಠ ಅದಕ್ಕೆ ಮೊದಲು ಕುಳಿತಿರಲಿಲ್ಲ. ಸ್ವಾಮಿಗಳ ಪರವಾಗಿ ಮುಂಬಯಿಯ ನಾನಿ ಪಾಲ್ಖಿವಾಲಾ, ಕೇರಳದ ಪರವಾಗಿ ಎಚ್. ಎಂ. ಸೀರ್ವಾಯಿ. ಸ್ವಾಮಿಗಳೂ ಅವರ ವಕೀಲರೂ ಒಮ್ಮೆಯೂ ಮುಖತಃ ಕಂಡವರಲ್ಲವೆಂದು ಹೇಳುತ್ತಾರೆ. 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ, ಆರು ಮಂದಿಯ ವಿರೋಧದೊಡನೆ, ತೀರ್ಪು ಹೊರಬಿತ್ತು. ಸಂಸತ್ತು ರಾಜ್ಯಾಂಗದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲಭೂತ ರಚನೆಯನ್ನು ಕೆಡಿಸಲಾಗದು. ನಮ್ಮ ಕರಾವಳಿಯ ಹಂಚಿನ ಮನೆಯ ಮಾತಿನಲ್ಲಿ ಹೇಳುವುದಾದರೆ, ಹಂಚು ಬದಲಾಯಿಸಿರಿ, ಗೆದ್ದಲು ಹಿಡಿದ ಪಕ್ಕಾಸು ತೆಗೆದು ಹೊಸದು ಹಾಕಿರಿ, ಚಾವಡಿಯನ್ನು ಅಗಲಿಸಿರಿ. ನಡುಮನೆಯ ಕಂಬವನ್ನೇ ಕಿತ್ತು ಇದೂ ರಿಪೇರಿಯೇ ಎನ್ನಬೇಡಿರಿ. ಆ ಕಂಬಗಳು ಯಾವುವೆಂಬುದನ್ನು ನ್ಯಾಯಾಧೀಶರು ತಮ್ಮತಮ್ಮ ರೀತಿಯಲ್ಲಿ ಎಣಿಸಿದರು. ಮುಖ್ಯ ನ್ಯಾಯಾಧೀಶ ಸಿಕ್ರಿಯವರ ಎಣಿಕೆಯಲ್ಲಿ ರಾಜ್ಯಾಂಗದ ಪಾರಮ್ಯ, ಗಣರಾಜ್ಯದ ಪ್ರಜಾಪ್ರಭುತ್ವ, ಮತನಿರಪೇಕ್ಷತೆ, ಒಕ್ಕೂಟದ ಸ್ವರೂಪ ಇವುಗಳೊಡನೆ ನಾವು ಮೇಲೆ ಹೇಳಿದ ಮೂರು ಅಂಗಗಳ ವಿಭಜನೆಯೂ ಸೇರಿದೆ. ದೇಶದ ವಕೀಲರೆಲ್ಲ ಇಂದಿಗೂ ಈ ತೀರ್ಪನ್ನು ‘ಕೇಶವಾನಂದ ಭಾರತೀ ಶ್ರೀಪಾದಗಳವರು’ ಎಂಬ ಹೆಸರಿನಿಂದಲೇ ಉದ್ಧರಿಸುತ್ತಾರೆ. ‘ಗಳವರು’ ಎಂಬುದು ಕನ್ನಡದ ಗೌರವವಾಚಕವೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

ಮಠಕ್ಕೆ ಆದುದೇನು? ಜಮೀನು ಉಳಿಯಲಿಲ್ಲ. 29ನೆಯ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮುಂದೆ 1978ರ 44ನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಹೊರಬಿದ್ದಿತು. ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ದೈವಾಧೀನರಾದರು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುವುದು ಲೇಸು. ಕೇರಳದ ಭೂಸುಧಾರಣೆಯಿಂದ ನಮ್ಮವರಲ್ಲಿ ಕೆಲವರಿಗೆ ಲಾಭವಾಯಿತು, ಕೆಲವರಿಗೆ ನಷ್ಟವಾಯಿತು. 1974ರಿಂದ ದಕ್ಷಿಣ ಕನ್ನಡದಲ್ಲಿಯೂ ಅದೇ ಕಥೆ. ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ಗೇಣಿದಾರನ ಮಗನೂ ಧಣಿಯ ಮಗನೂ ಎದುರುಬದುರು ಕುಳಿತು ತೆಂಗಿನಕಾಯಿ ತುರಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯವೆಂದೇ ನಾವು ತಿಳಿಯುತ್ತೇವೆ, ಮಠದ ಮೇಲಿನ ಭಕ್ತಿ ಈ ಮಾತಿಗೆ ಅಡ್ಡಬರಬೇಕಾಗಿಲ್ಲ. ಹಾಗೆಯೇ, ಬಹುಮತವುಳ್ಳವರ ಕೈಗೂ ಒಂದು ಗೆರೆ ಹಾಕಿದ ನ್ಯಾಯಾಲಯವೂ ಸರಿಯಾದದ್ದನ್ನೇ ಮಾಡಿತು. ಯಾರಿಂದಲೂ ಆರಿಸಲ್ಪಡದ ನ್ಯಾಯಾಧೀಶರು ಕೋಟ್ಯಂತರ ಜನ ಆರಿಸಿದ ಸಂಸತ್ತಿಗೆ ಅಡ್ಡ ನಿಲ್ಲಬಹುದೇ ಎಂದು ಕೇಳುವವರಿದ್ದಾರೆ. ತೂಕವಿಲ್ಲದ ಪ್ರಶ್ನೆ ಇದಲ್ಲ. ಪೀಠದ ಆರು ಮಂದಿ ಅದರ ವಿರುದ್ಧ ಬರೆದರು. ಆದರೆ ಎರಡೇ ವರ್ಷಗಳಲ್ಲಿ, 1975ರ ಜೂನ್ 25ರಂದು, ತುರ್ತು ಪರಿಸ್ಥಿತಿ ಬಂತು. ನ್ಯಾಯಾಲಯದಲ್ಲಿ ಕೇರಳದ ಪರವಾಗಿ ಈ ಮಿತಿಯನ್ನು ವಿರೋಧಿಸಿದ ಸೀರ್ವಾಯಿಯವರೇ ಆ ಅನುಭವದ ತರುವಾಯ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. 1976ರ 42ನೆಯ ತಿದ್ದುಪಡಿಯ ಮೂಲಕ ಸಂಸತ್ತು ತನ್ನ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲವೆಂದು ಬರೆದುಕೊಂಡಿತು. 1980ರಲ್ಲಿ ಮಿನರ್ವಾ ಮಿಲ್ಲಿನ ಮೊಕದ್ದಮೆಯಲ್ಲಿ ನ್ಯಾಯಾಲಯ ಆ ಬರಹವನ್ನು ಅಳಿಸಿತು. ಅದು ಬೆಂಗಳೂರಿನ ಗಿರಣಿ.

ನ್ಯಾಯಾಂಗವನ್ನು ಇತರ ಅಂಗಗಳು ಮುಟ್ಟಲಾರವೆಂದು ಯಾರೂ ಭಾವಿಸಬಾರದು. ತೀರ್ಪು ಬಂದ ಮರುದಿನವೇ ಸಿಕ್ರಿಯವರು ನಿವೃತ್ತರಾದರು. ಸರಕಾರವು ಜ್ಯೇಷ್ಠತೆಯಲ್ಲಿ ಮುಂದಿದ್ದ ಮೂವರನ್ನು ಬದಿಗಿರಿಸಿ ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿತು. ಹಿಂದೆ ಸರಿಸಲ್ಪಟ್ಟ ಮೂವರೂ ಏಳರ ಗುಂಪಿನವರು: ಶೇಲತ್, ಗ್ರೋವರ್, ಮತ್ತು ಕಾರ್ಕಳದ ಕಡೆಯ ಕೌಡೂರಿನ ಕೆ. ಎಸ್. ಹೆಗ್ಡೆ. ಮೂವರೂ ರಾಜೀನಾಮೆಯಿತ್ತು ಹೊರನಡೆದರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆರಿಸಿಬಂದು ಅದರ ಸಭಾಧ್ಯಕ್ಷರಾದರು. ನ್ಯಾಯಾಂಗದ ಉನ್ನತ ಪೀಠವನ್ನೂ ಶಾಸಕಾಂಗದ ಉನ್ನತ ಪೀಠವನ್ನೂ ಏರಿದ ಈ ಮಹನೀಯರ ಹೆಸರನ್ನು ಕಾರ್ಕಳದ ಹುಡುಗರಾದರೂ ತಿಳಿದಿರಲಿ.

ಇಷ್ಟೆಲ್ಲ ದೊಡ್ಡವರ ಸಂಗತಿಯಾಯಿತು. ತಿಂಗಳ ಸಂಬಳದಲ್ಲಿ ಅರ್ಧವನ್ನು ಊರಿಗೆ ಕಳುಹಿಸುವ ನಮಗೆ ಇದರಿಂದ ಆಗಬೇಕಾದದ್ದೇನು ಎಂದು ಕೇಳಬಹುದು. ಮೊದಲನೆಯದಾಗಿ, ನಾವು ಇಲ್ಲಿರುವುದೇ 19ನೆಯ ಅನುಚ್ಛೇದದ ಬಲದಿಂದ. ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸಿ ಯಾವ ಸಕ್ರಮ ವೃತ್ತಿಯನ್ನಾದರೂ ಮಾಡುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಉಂಟು. ಕೇರಳಿಗರು ನಮ್ಮನ್ನು ಆದರದಿಂದ ನಡೆಸಿಕೊಂಡಿದ್ದಾರೆಂಬುದು ನಿಜ, ಅದಕ್ಕೆ ಕೃತಜ್ಞರಾಗಿರೋಣ. ಆದರೆ ನಮ್ಮ ವಾಸ್ತವ್ಯ ಅವರ ದಾಕ್ಷಿಣ್ಯದ ಮೇಲೆ ನಿಂತಿಲ್ಲ. ಎರಡನೆಯದು ಮತದ ವಿಚಾರ. ಹೋಟೆಲಿನ ಮಾಳಿಗೆಯಲ್ಲಿ ಹತ್ತು ವರ್ಷ ಮಲಗಿದವನ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಊರಿನ ಪಟ್ಟಿಯಲ್ಲಿ ಇದ್ದರೂ ಚುನಾವಣೆಯ ದಿನ ರಜೆ ಸಿಗುವುದಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಒಬ್ಬನು ಸಾಮಾನ್ಯವಾಗಿ ಎಲ್ಲಿ ವಾಸಿಸುವನೋ ಅಲ್ಲಿ ಹೆಸರು ನೋಂದಾಯಿಸಬಹುದು. ಎರಡು ಕಡೆ ಇರಕೂಡದು. ಊರಿನಲ್ಲಿ ಮನೆಯಿದೆ ಎಂಬುದೊಂದರಿಂದಲೇ ಊರಿನ ವಾಸಿಯೆನಿಸುವುದಿಲ್ಲ. ಎಲ್ಲಿ ಬೇಕೆಂಬುದನ್ನು ತೀರ್ಮಾನಿಸದೆ ಎರಡನ್ನೂ ಕಳೆದುಕೊಂಡು, ಆಮೇಲೆ ಶಾಸಕರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲವೆಂದು ದೂರಿದರೆ ಯಾರು ಕೇಳಿಯಾರು? ಪಟ್ಟಿಯಲ್ಲಿ ಇಲ್ಲದವನನ್ನು ಶಾಸಕಾಂಗ ಕಾಣುವುದಿಲ್ಲ.

ಇನ್ನು ಭಾಷೆಯ ಮಾತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು ಸಂಸತ್ತಿನ ಒಂದು ಕಾಯಿದೆಯಿಂದ. ಮೂರನೆಯ ಅನುಚ್ಛೇದದಂತೆ ರಾಜ್ಯಗಳ ಗಡಿಯನ್ನು ಸಂಸತ್ತು ಬದಲಿಸಬಹುದು. ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಾಗಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿಯಿತ್ತಿತು. ಆಯೋಗದ ವರದಿ ಕಾಯಿದೆಯಲ್ಲ, ಸಂಸತ್ತು ಅದನ್ನು ಕಾಯಿದೆ ಮಾಡಲಿಲ್ಲ. ಈ ಗಾಯದ ವಿಚಾರ ಇಲ್ಲಿಗೆ ಸಾಕು. ಗಡಿಯೊಳಗೆ ಉಳಿದವರಿಗಾಗಿ ಅದೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ 350ಎ ಎಂಬ ಅನುಚ್ಛೇದವನ್ನು ಸೇರಿಸಲಾಯಿತು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ. ‘ಯತ್ನಿಸತಕ್ಕದ್ದು’ ಎಂಬ ಶಬ್ದ ದುರ್ಬಲವಾದುದು, ಒದಗಿಸತಕ್ಕದ್ದೆಂದೇ ಬರೆಯಬಹುದಾಗಿತ್ತು. ಆದರೂ ಅದು ರಾಜ್ಯಾಂಗದಲ್ಲಿದೆ ಎಂಬುದೇ ದೊಡ್ಡ ಮಾತು. 1969ರ ಕೇರಳ ರಾಜಭಾಷಾ ಕಾಯಿದೆಯ ವ್ಯವಸ್ಥೆಯಲ್ಲಿ ಕನ್ನಡ ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿಯೇ ಸಚಿವಾಲಯದೊಡನೆ ಪತ್ರವ್ಯವಹಾರ ನಡೆಸುವ ಅನುಕೂಲ ದೊರೆಯಿತು. ಆದರೆ ವಿಧಾನಸಭೆ ಕೊಟ್ಟದ್ದನ್ನು ವಿಧಾನಸಭೆಯೇ ಬದಲಿಸಬಹುದು. ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ 2017ರ ಕಾಯಿದೆಯ ಕಾಲದಲ್ಲಿಯೂ, ವಿಧಾನಸಭೆಯು 2025ರಲ್ಲಿ ಮಲಯಾಳ ಭಾಷಾ ವಿಧೇಯಕವನ್ನು ಅಂಗೀಕರಿಸಿದಾಗಲೂ ಕಾಸರಗೋಡಿನಲ್ಲಿ ಎದ್ದ ಆತಂಕದ ಮೂಲ ಇದೇ. ಅದರ ಮೇಲೆ ನಿಲ್ಲುವುದು 350ನೆಯ ಅನುಚ್ಛೇದ. ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ಅಧಿಕಾರಿಗಾದರೂ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅರ್ಜಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಇದನ್ನು ಯಾವ ವಿಧಾನಸಭೆಯೂ ತೆಗೆದುಹಾಕಲಾರದು. ಹಾಗಿದ್ದೂ ನಮ್ಮವರು ಇ-ಮೇಲ್ ಕಳುಹಿಸುವಾಗಲೂ ಮುರುಕು ಇಂಗ್ಲೀಷಿನಲ್ಲಿ ತಡವರಿಸುತ್ತಾರೆ!

ಆ ಹೋಟೆಲಿನ ಮಿತ್ರರ ಅರ್ಜಿಗೆ ಮರಳೋಣ. ಅಧ್ಯಾಪಕರನ್ನು ನೇಮಿಸಿದ್ದು ಕಾರ್ಯಾಂಗ; ಆದ್ದರಿಂದ ಮೊದಲು ತಟ್ಟಬೇಕಾದ ಬಾಗಿಲು ಜಿಲ್ಲೆಯ ಶಿಕ್ಷಣಾಧಿಕಾರಿಗಳದು, ಅದರ ಪ್ರತಿ ತಿರುವನಂತಪುರದ ಶಿಕ್ಷಣ ಇಲಾಖೆಗೆ. (ಸಂಬಳ ಬಾಕಿಯ ದೂರಾಗಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಹೋಗಬೇಕಿತ್ತು, ಅದನ್ನು ಹಿಡಿದುಕೊಂಡು ಶಾಸಕರ ಮನೆಗೆ ಅಲೆಯುವವರನ್ನು ಪ್ರತಿ ತಿಂಗಳೂ ಕಾಣುತ್ತೇವೆ.) ಇನ್ನೊಂದು ಪ್ರತಿ ಕ್ಷೇತ್ರದ ಶಾಸಕರಿಗೆ. ಅವರು ನೇಮಕಾತಿಯನ್ನು ರದ್ದು ಮಾಡಲಾರರು, ಆದರೆ ಸದನದಲ್ಲಿ ಪ್ರಶ್ನೆ ಕೇಳಬಲ್ಲರು. ಪ್ರಶ್ನೆಗೆ ಮಂತ್ರಿಗಳು ಉತ್ತರ ಹೇಳಲೇಬೇಕು. 2021ರ ಮೇ ತಿಂಗಳಲ್ಲಿ ಮಂಜೇಶ್ವರದ ಶಾಸಕ ಶ್ರೀ ಎ. ಕೆ. ಎಂ. ಅಶ್ರಫರು ಅದೇ ಸದನದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನಮ್ಮ ವಾಚಕರು ಮರೆತಿರಲಾರರು. ಭಾಷಿಕ ಅಲ್ಪಸಂಖ್ಯಾತರಿಗೆಂದು ರಾಷ್ಟ್ರಪತಿಗಳು ನೇಮಿಸುವ ವಿಶೇಷಾಧಿಕಾರಿಗೂ, 350ಬಿ ಅನುಚ್ಛೇದವನ್ನು ಉಲ್ಲೇಖಿಸಿ, ಒಂದು ಪ್ರತಿ. ಇವೆಲ್ಲ ಬಾಗಿಲುಗಳೂ ಮುಚ್ಚಿದರೆ ಮಾತ್ರ 226ನೆಯ ಅನುಚ್ಛೇದದ ಮೇರೆಗೆ ಎರ್ನಾಕುಳದ ಉಚ್ಚ ನ್ಯಾಯಾಲಯ. ಮಿತ್ರರ ಹೋಟೆಲಿನಿಂದ ಅಲ್ಲಿಗೆ ಕಾಲ್ನಡೆಯ ದಾರಿ, ಆದರೆ ಅದು ಕೊನೆಯ ದಾರಿ. ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಲ್ಪ ಆದಾಯದವರಿಗೆ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಉಚಿತ ನೆರವು ಸಿಗುತ್ತದೆ. ಅದರ ರಾಜ್ಯ ಪ್ರಾಧಿಕಾರದ ಕಚೇರಿಯೂ ಎರ್ನಾಕುಳದಲ್ಲಿಯೇ ಇದೆ.

ನಾವು ಅವರ ಎದುರಿಗೇ ಮೇಲ್ವಿಳಾಸವನ್ನು ಹೊಡೆದುಹಾಕಿ ನಾಲ್ಕು ಲಕೋಟೆಗಳ ಮೇಲೆ ನಾಲ್ಕು ವಿಳಾಸಗಳನ್ನು ಬರೆದುಕೊಟ್ಟೆವು. ಅರ್ಜಿಯ ಕನ್ನಡವನ್ನು ಹಾಗೆಯೇ ಉಳಿಸಿದೆವು. ಕೆಳಗೆ ಸಹಿ ಹಾಕುವಾಗ ಅವರು, ಇದನ್ನು ಹುಡುಗಿಯ ತಂದೆಯ ಹೆಸರಿನಲ್ಲಿ ಕಳುಹಿಸುವುದು ಮೇಲಲ್ಲವೇ ಎಂದು ಕೇಳಿದರು. ಮೇಲೆಂದೆವು. ಲಕೋಟೆಗಳು ಆ ರಾತ್ರಿಯ ರೈಲಿನಲ್ಲಿ ಊರಿಗೆ ಹೋಗುವ ಹುಡುಗನೊಬ್ಬನ ಕೈಯಲ್ಲಿ ಕಾಸರಗೋಡಿಗೆ ಹೋದವು. ಅಂಚೆಯ ನಾಲ್ಕು ರಸೀದಿಗಳ ಚಿತ್ರ ಮೂರನೆಯ ದಿನ ನಮ್ಮ ದೂರವಾಣಿಗೆ ಬಂದಿದೆ.